ದೊಡ್ಡ ಸೂಕ್ಷ್ಮದರ್ಶಕ ತಂದಿಟ್ಟರೆ ಸಾಕೇ?

ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ ಆರಂಭವಾಗಿದ್ದು 1987ರಲ್ಲಿ. ಇಂಥ ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನದವರಿಗೂ ರಸಾಯನವಿಜ್ಞಾನದವರಿಗೂ ಸೂಕ್ಷ್ಮದರ್ಶಕ ಬೇಕು. ವಿಭಾಗಕ್ಕೊಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಳ್ಳುವುದು ಮಾತ್ರ ಆಗದ ಮಾತು. ಅದಕ್ಕೇ ಹಲವು ಕಡೆ ಯಂತ್ರಗಳನ್ನು ಒಂದೆಡೆ ಇಟ್ಟು ಎಲ್ಲರೂ ಸರದಿಯಂತೆ ಬಳಸುವ ಕೇಂದ್ರ ನಡೆಸುತ್ತಾರೆ. ಯಂತ್ರ ಬಂದರೆ ಕೇಂದ್ರ ಸಿದ್ಧವಾದಂತೆ ಎಂಬ ನಂಬಿಕೆಯೂ ಇದೆ. ಅದು ಸರಿಯಲ್ಲ.

ಮೊದಲ ಪ್ರಶ್ನೆ, ಯಾವ ಯಂತ್ರ ಬೇಕು ಎಂಬುದು. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಒಂದಾಗಿ ಕಾಣುತ್ತವೆ. (ಒಂದು ಮಿಲಿಮೀಟರ್ ಎಂದರೆ 10 ಲಕ್ಷ ನ್ಯಾನೋಮೀಟರ್.) ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೆಲವೇ ನ್ಯಾನೋಮೀಟರ್‌ಗಳವರೆಗೂ ಬಿಡಿಸಿ ತೋರಿಸುತ್ತದೆ. ಆದರೆ ಎಲ್ಲದಕ್ಕೂ ಅದು ಬೇಕಿಲ್ಲ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ಬೀಜಕಚೀಲಗಳು ಹತ್ತಾರು ಮೈಕ್ರೋಮೀಟರ್ ದೊಡ್ಡವು, ಕಾಲೇಜಿನ ಸೂಕ್ಷ್ಮದರ್ಶಕಕ್ಕೇ ಸಿಗುತ್ತವೆ. ಭದ್ರಾವತಿಯ ಉಕ್ಕಿನ ಚೂರನ್ನು ಕನ್ನಡಿಯಂತೆ ಉಜ್ಜಿ, ತೆಳು ಆಮ್ಲ ಹಚ್ಚಿದರೆ ಒಳಗಿನ ಹರಳುಗಳ ಗಡಿ ಬೆಳಕಿನಲ್ಲೇ ಕಾಣುತ್ತದೆ. "ನಿಮಗೆ ದೊಡ್ಡ ಯಂತ್ರ ಬೇಡ" ಎಂದು ಹೇಳಬಲ್ಲ ತಂತ್ರಜ್ಞರೇ ಕೇಂದ್ರದ ನಿಜವಾದ ಆಸ್ತಿ ಎಂಬುದು ನಮ್ಮ ಅಭಿಪ್ರಾಯ.

ಮಾದರಿಯ ತಯಾರಿಯಲ್ಲಿ ತಪ್ಪಿದರೆ ನಷ್ಟ ಒಬ್ಬರದಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೆ ಗಾಳಿ ಇರುವುದಿಲ್ಲ. ಅರ್ಧ ಒಣಗಿದ ಎಲೆಯನ್ನು ಒಳಗಿಟ್ಟರೆ ಆವಿ ಹೊರಟು ಯಂತ್ರ ಮಲಿನವಾಗುತ್ತದೆ, ಮುಂದಿನವರ ಸರದಿ ಹಾಳಾಗುತ್ತದೆ. ಆದ್ದರಿಂದ ತರಬೇತಿ ಪಡೆಯದವರಿಗೆ ಕೀಲಿ ಕೊಡಬಾರದು. ಯಾರು ಬಳಸಿದರು, ಏನು ತೊಂದರೆ ಕಂಡಿತು ಎಂದು ಪುಸ್ತಕದಲ್ಲಿ ಬರೆಸಲೇಬೇಕು.

ಮಲೆನಾಡಿನ ಮಳೆಗಾಲದ್ದು ಬೇರೆಯೇ ಕಥೆ. ತೇವದಲ್ಲಿ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ, ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ತೇವ ಹೀರುವ ಯಂತ್ರ ರಾತ್ರಿಯೂ ಓಡಬೇಕು, ಮಸೂರಗಳ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಬದಲಾಯಿಸುತ್ತಿರಬೇಕು. ಕರೆಂಟು ಹೋದಾಗ ಯುಪಿಎಸ್ ಇಲ್ಲದಿದ್ದರೆ ಆ ದಿನದ ಕೆಲಸ ಮುಗಿದಂತೆ.

"ಸರ್ಕಾರದ ಯಂತ್ರಕ್ಕೆ ಶುಲ್ಕವೇಕೆ?" ಎಂದು ಕೇಳುವವರಿದ್ದಾರೆ. ಟಂಗ್‌ಸ್ಟನ್ ತಂತಿ ಬಳಸುವ ಯಂತ್ರದಲ್ಲಿ ಆ ತಂತಿ ಸುಮಾರು 100 ಗಂಟೆ ಉರಿದು ಕಡಿಯುತ್ತದೆ. ಹೊಸದಕ್ಕೆ, ದುರಸ್ತಿಗೆ ಹಣ ಬೇಕು. ಖರೀದಿಯ ಅನುದಾನದಲ್ಲಿ ಇವೆಲ್ಲ ಸೇರಿರದಿದ್ದರೆ ಒಳ್ಳೆಯ ಯಂತ್ರವೂ ಬಟ್ಟೆ ಹೊದ್ದು ಕೂರುತ್ತದೆ.

ಹತ್ತಿರದಲ್ಲಿ ಬೇಕಾದ ಯಂತ್ರ ಇಲ್ಲದವರು ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಬಹುದು. ದೇಶದ ಸಂಶೋಧನಾ ಉಪಕರಣಗಳನ್ನು ಪಟ್ಟಿ ಮಾಡುವ ಇದನ್ನು 2020ರ ಜನವರಿ 3ರಂದು ಬೆಂಗಳೂರಿನಲ್ಲಿ ಉದ್ಘಾಟಿಸಲಾಯಿತು. ಶಿವಮೊಗ್ಗದಿಂದ ರಾತ್ರಿ ರೈಲು ಹತ್ತುವ ಮುನ್ನ ಮಾದರಿ ಪೂರ್ತಿ ಒಣಗಿದೆಯೇ ನೋಡಿಕೊಳ್ಳಿ, ಹೆಚ್ಚುವರಿ ಎರಡು ಇಟ್ಟುಕೊಳ್ಳಿ. ಮಾದರಿಯಲ್ಲಿ ರಂಜಕ ಅಥವಾ ಗಂಧಕ ಎಷ್ಟಿದೆ ಎಂದೂ ತಿಳಿಯಬೇಕಿದ್ದರೆ ಚಿನ್ನದ ಬದಲು ಇಂಗಾಲದ ಲೇಪನ ಕೇಳಿ. ಚಿನ್ನದ ಸಂಕೇತ ಅವುಗಳ ಸಂಕೇತದ ಪಕ್ಕದಲ್ಲೇ ಬಂದು ಮುಚ್ಚಿಬಿಡುತ್ತದೆ.