ಎರಡು ಕೆರೆಗಳ ನಡುವಿನ ನೆಲ

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿ ಅಗರ ಎಂಬ ಹಳೆಯ ಊರಿದೆ. ಇಂದು ಅದು ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ಶಾಸನವೊಂದು ಗಂಗರ ಕಾಲದ್ದು, ಕ್ರಿ.ಶ. 9ನೆಯ ಶತಮಾನಕ್ಕೆ ಸೇರಿದ್ದು. ಎರಡು ಕೆರೆಗಳಿಗೆ ತೂಬು ಇಡಿಸಿ, ಮತ್ತೊಂದು ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಇದಕ್ಕಾಗಿ ದೊರೆತದ್ದು ‘ಬಿತ್ತುವಟ್ಟ’, ಅಂದರೆ ಕೆರೆ ಕಟ್ಟಿಸಿದವರಿಗೂ ಅದನ್ನು ಸುಸ್ಥಿತಿಯಲ್ಲಿ ಇಟ್ಟವರಿಗೂ ಕೆರೆಯ ಕೆಳಗಿನ ಭೂಮಿಯಿಂದ ಸಲ್ಲುತ್ತಿದ್ದ ಕೊಡುಗೆ. ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧಗಳಿಗೆ ಸಿಕ್ಕಷ್ಟು ಸ್ಥಳ ತೂಬಿಗೆ ಸಿಕ್ಕಿಲ್ಲ. ಅದು ಬೇರೆ ಮಾತು. ನಾವಿಲ್ಲಿ ಗಮನಿಸಬೇಕಾದದ್ದು ಇಷ್ಟು: ಶಾಸನ ಬರೆಸಿದವರ ಕಣ್ಣಿಗೆ ಕೆರೆ ಎಂದರೆ ಬರೀ ನೀರು ನಿಂತ ತಗ್ಗಲ್ಲ. ಏರಿ, ತೂಬು, ಕೋಡಿ, ಕಾಲುವೆ, ಕೆಳಗಿನ ಗದ್ದೆ ಎಲ್ಲವೂ ಸೇರಿ ಕೆರೆ.

ಅಗರದ ಕೆರೆ ತುಂಬಿದರೆ ಅದರ ನೀರು ರಾಜಕಾಲುವೆಯ ಮೂಲಕ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಬೆಳ್ಳಂದೂರು ತುಂಬಿದರೆ ವರ್ತೂರು, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿ. ಬೆಳ್ಳಂದೂರು ಸುಮಾರು 900 ಎಕರೆಯಷ್ಟು ವಿಸ್ತಾರದ ಕೆರೆ, ಬೆಂಗಳೂರಿನಲ್ಲೇ ದೊಡ್ಡದು. ಹಾಗಾದರೆ ಈ ಎರಡು ಕೆರೆಗಳ ನಡುವಿನ ನೆಲ ಯಾವುದು? ಮೇಲಿನ ಕೆರೆಗೆ ಅದು ಅಚ್ಚುಕಟ್ಟು. ಕೆಳಗಿನ ಕೆರೆಗೆ ನೀರು ಬಂದು ಸೇರುವ ದಾರಿ. ಮಳೆಗಾಲದಲ್ಲಿ ನೀರು ಅಲ್ಲಿ ಹರಡಿ, ಇಂಗಿ, ಉಳಿದದ್ದು ಕೆಳಗಿಳಿಯುತ್ತದೆ.

2000ದ ದಶಕದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಈ ನೆಲದ ಬಹುಭಾಗವನ್ನು ಸ್ವಾಧೀನಪಡಿಸಿಕೊಂಡು ಖಾಸಗಿ ಕಂಪನಿಗಳಿಗೆ ಕೊಟ್ಟಿತು. ತಂತ್ರಾಂಶ ಕಚೇರಿ, ವಸತಿ, ಹೋಟೆಲುಗಳ ದೊಡ್ಡ ಯೋಜನೆ ಸಿದ್ಧವಾಯಿತು. 2012ರಲ್ಲಿ ಪರಿಸರ ಅನುಮತಿಯೂ ದೊರೆಯಿತು. ಕಾಗದಪತ್ರಗಳೆಲ್ಲ ಇದ್ದವು, ಆದರೂ ಒಂದು ಕೊರತೆ ಉಳಿಯಿತು. ಅನುಮತಿಗೆ ಬಂದ ಯೋಜನೆಯನ್ನು ಅದರ ಸರ್ವೆ ನಂಬರಿನ ಗಡಿಯೊಳಗೆ ನೋಡುವುದು ನಮ್ಮ ಕಚೇರಿಗಳ ರೂಢಿ. ನೀರಿಗೆ ಸರ್ವೆ ನಂಬರು ಗೊತ್ತಿಲ್ಲ. ಮೇಲಿನ ಕೆರೆಯ ಕೋಡಿ ಬಿದ್ದಾಗ ಆ ನೀರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಒಂದು ಕಡತಕ್ಕೆ ಸೇರಿದ್ದಲ್ಲ, ಇಡೀ ಕಣಿವೆಗೆ ಸೇರಿದ್ದು.

ಈ ಪ್ರಶ್ನೆಯನ್ನು ಕೇಳಿದವರು ನಾಗರಿಕ ಸಂಘಟನೆಗಳು. 2014ರಲ್ಲಿ ಅವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕವು. 2015ರ ಮೇ 7ರಂದು ನ್ಯಾಯಮಂಡಳಿ ತೀರ್ಪಿತ್ತು, ಒಂದು ಕಂಪನಿಗೇ 117.35 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು. ಮರುವರ್ಷ ಮೇ 4ರ ಆದೇಶ ಇನ್ನೂ ಮುಂದೆ ಹೋಯಿತು. ಬೆಂಗಳೂರಿನಲ್ಲಿ ಕೆರೆಯ ಅಂಚಿನಿಂದ 75 ಮೀಟರ್, ಮೊದಲ ದರ್ಜೆಯ ರಾಜಕಾಲುವೆಯ ಅಂಚಿನಿಂದ 50 ಮೀಟರ್, ಎರಡನೆಯ ದರ್ಜೆಯದಕ್ಕೆ 35, ಮೂರನೆಯದಕ್ಕೆ 25 ಮೀಟರ್ ಜಾಗವನ್ನು ಹಸಿರಾಗಿ ಬಿಡಬೇಕೆಂದು ಅದು ಹೇಳಿತು.

ಅದಕ್ಕೆ ಮೊದಲು ಇದ್ದ ನಿಯಮ ಯಾವುದು? 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಅಂತರವಿತ್ತು. ಇಲ್ಲೊಂದು ಸೂಕ್ಷ್ಮವಿದೆ. ಮಹಾಯೋಜನೆ ಕಾಲುವೆಯ ನಡುವಿನಿಂದ ಅಳೆಯುತ್ತದೆ. ನ್ಯಾಯಮಂಡಳಿ ಅಂಚಿನಿಂದ ಅಳೆಯಿತು. ಎರಡರಲ್ಲೂ 50 ಎಂಬ ಅಂಕಿಯೇ ಇದ್ದರೂ, ಅಗಲವಾದ ಕಾಲುವೆಯ ಪಕ್ಕದಲ್ಲಿ ಬಿಡಬೇಕಾದ ನೆಲ ಎಷ್ಟೋ ಬೇರೆಯಾಗುತ್ತದೆ. ಅಂಕಿಯನ್ನು ಓದುವಾಗ ಟೇಪಿನ ತುದಿಯನ್ನು ಎಲ್ಲಿ ಹಿಡಿದಿದ್ದಾರೆ ಎಂದು ನೀವು ಕೇಳಬೇಕು.

ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರ ಮಾರ್ಚ್ 5ರಂದು ಬಂದ ತೀರ್ಪು ಇಡೀ ನಗರಕ್ಕೆ ಅನ್ವಯಿಸಿದ್ದ 75 ಮೀಟರ್ ನಿಯಮವನ್ನು ರದ್ದುಪಡಿಸಿತು. ಕಂಪನಿಗಳ ಮೇಲೆ ಹೊರಿಸಿದ್ದ ಹೊಣೆಯನ್ನು ಮಾತ್ರ ತೆಗೆದುಹಾಕಲಿಲ್ಲ. ಮಹಾಯೋಜನೆಯು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ರೂಪುಗೊಂಡದ್ದು. ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಅದರ ಸಾರ. ಹಲವರಿಗೆ ಇದು ಸೋಲೆನಿಸಿತು. ನನಗೆ ಹಾಗೆನಿಸುವುದಿಲ್ಲ. ಕಾಯಿದೆಯ ದಾರಿಯನ್ನು ಆ ತೀರ್ಪು ಮತ್ತೆ ನೆನಪಿಸಿತು. ಕರಡು ಯೋಜನೆ ಪ್ರಕಟವಾದಾಗ 60 ದಿನಗಳೊಳಗೆ ಯಾರು ಬೇಕಾದರೂ ತಮ್ಮ ಅಭಿಪ್ರಾಯ ಸಲ್ಲಿಸಲು ಅದರಲ್ಲಿ ಅವಕಾಶವಿದೆ. ಕಟ್ಟಡದ ಅಡಿಪಾಯ ತೋಡಿದ ಮೇಲೆ ಮಾಡುವ ವಾದಕ್ಕಿಂತ ಆಗ ಕೊಡುವ ಒಂದು ಪುಟದ ಅರ್ಜಿಗೆ ಬೆಲೆ ಹೆಚ್ಚು. ದುರದೃಷ್ಟವೆಂದರೆ, ಆ 60 ದಿನಗಳು ಬಹುತೇಕ ಜನರಿಗೆ ತಿಳಿಯದೆಯೇ ಕಳೆದುಹೋಗುತ್ತವೆ.

ಸರ್ಕಾರಕ್ಕೆ ಎಚ್ಚರಿಕೆ ಬಹಳ ಹಿಂದೆಯೇ ಸಿಕ್ಕಿತ್ತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಬಂದಿದ್ದವು. ಇರುವ ಕೆರೆಗಳನ್ನಾದರೂ ಒಡೆಯದೆ ಉಳಿಸಬೇಕೆಂದು ಲಕ್ಷ್ಮಣರಾವ್ ಸಮಿತಿ 1986ರಲ್ಲಿ ವರದಿ ಮಾಡಿತ್ತು. ಸರ್ಕಾರ ಅದನ್ನು ಒಪ್ಪಿಯೂ ಇತ್ತು.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಬೆಳ್ಳಂದೂರಿನ ಸುತ್ತಮುತ್ತಲ ಹೊರವರ್ತುಲ ರಸ್ತೆ ನೀರಿನಲ್ಲಿ ಮುಳುಗಿತು. ಕಚೇರಿಗೆ ಹೋಗುವವರು ಟ್ರ್ಯಾಕ್ಟರ್ ಹತ್ತಿದರು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ಮಸೂದೆಯೊಂದು ಕೆರೆಯ ವಿಸ್ತೀರ್ಣ ಕಡಿಮೆಯಾದಂತೆ ಅದರ ಸುತ್ತ ಬಿಡಬೇಕಾದ ಅಂತರವನ್ನೂ ಕಡಿಮೆ ಮಾಡಲು ಹೊರಟಿತು. ಸರಣಿಯ ಮೇಲ್ತುದಿಯಲ್ಲಿರುವವು ಸಾಮಾನ್ಯವಾಗಿ ಸಣ್ಣ ಕೆರೆಗಳೇ.

ನಿಮ್ಮ ಊರಿನ ಗ್ರಾಮ ನಕ್ಷೆ ಭೂದಾಖಲೆಗಳ ಇಲಾಖೆಯಲ್ಲಿ ಸಿಗುತ್ತದೆ. ಅದರಲ್ಲಿ ಕೆರೆಯನ್ನು ಗುರುತಿಸಿ, ಅದರಿಂದ ಹೊರಡುವ ಹಳ್ಳ, ಕಾಲುವೆಗಳ ಗೆರೆಯನ್ನು ಬೆರಳಿನಿಂದ ಅನುಸರಿಸಿ. ಆಮೇಲೆ ಒಂದು ಭಾನುವಾರ ಅದೇ ಗೆರೆಯ ಮೇಲೆ ನಡೆದುನೋಡಿ.