ಚಿಕ್ಕಪಡಸಲಗಿಯ ಬ್ಯಾರೇಜ್ ಮತ್ತು ನೆರೆಯವನ ಹಕ್ಕು

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ನದಿಗೆ ಅಡ್ಡಲಾಗಿ ಒಂದು ಬ್ಯಾರೇಜ್ ಇದೆ. 1989ರಲ್ಲಿ ಅದನ್ನು ಕಟ್ಟಿದ್ದು ಸರ್ಕಾರವಲ್ಲ, ರೈತರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿಕೊಂಡು, ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಅದನ್ನು ನಿಲ್ಲಿಸಿದರು. ಆ ಬೆವರಿನ ನೆನಪಿಗೆ ಅದರ ಹೆಸರೇ ‘ಶ್ರಮಬಿಂದು ಸಾಗರ’ ಎಂದಾಯಿತು. ಎರಡು ವರ್ಷಗಳ ನಂತರ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯ ಜನ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಈ ‘ಬ್ಯಾರೇಜ್ ಸಿದ್ದು’ ಅವರನ್ನು ಗೆಲ್ಲಿಸಿದರು.

ರೈತರೇ ಕಟ್ಟಬೇಕಾದ ಪ್ರಸಂಗ ಯಾಕೆ ಬಂತು? ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಯಲ್ಲಿ ಬತ್ತುತ್ತಿದ್ದಳು. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾ ಅಣೆಕಟ್ಟಿನ ನೀರಿನ ಒಂದು ಪಾಲು ವಿದ್ಯುತ್ತಿಗಾಗಿ ಪಶ್ಚಿಮದ ಕಡೆಗೆ ತಿರುಗುತ್ತದೆ. ಕೆಳಗೆ ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲೇ ಅಡಿಗಲ್ಲು ಹಾಕಿದ್ದರೂ ಕೆಲಸ ದಶಕಗಟ್ಟಲೆ ಕುಂಟಿತು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿತು. ಆದರೆ ಕಾಗದದ ಮೇಲಿನ ಟಿಎಂಸಿಯಿಂದ ಕಬ್ಬು ಬೆಳೆಯುವುದಿಲ್ಲ. ಆದ್ದರಿಂದ ರೈತರು ನದಿಯ ಪಾತ್ರದಲ್ಲೇ ನೀರು ನಿಲ್ಲಿಸಿ, ಬೇಸಿಗೆಯಲ್ಲಿ ಪಂಪ್‌ಸೆಟ್ಟಿನಿಂದ ಎತ್ತಿಕೊಳ್ಳುವ ದಾರಿ ಹಿಡಿದರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಆಲಮಟ್ಟಿ ತುಂಬಿದಾಗ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಿದವು. ಒಬ್ಬರ ಹೊಲ ಹಸಿರಾಗಲು ಇನ್ನೊಬ್ಬರು ಹುಟ್ಟಿದ ಮನೆ ಬಿಡಬೇಕಾಯಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಅನುಮತಿ ನೀಡಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಎತ್ತರ ಹೆಚ್ಚಿದರೆ ಸಾಂಗಲಿ, ಕೊಲ್ಹಾಪುರಗಳಲ್ಲಿ ಪ್ರವಾಹ ಹೆಚ್ಚುತ್ತದೆ ಎಂಬುದು ಮಹಾರಾಷ್ಟ್ರದ ಆಕ್ಷೇಪ. ಕರ್ನಾಟಕ ಅದನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ನಾವು ಮೇಲಿನವರ ಕಡೆ ನೋಡುತ್ತೇವೆ. ಮಳೆಗಾಲದಲ್ಲಿ ಅವರು ನಮ್ಮ ಕಡೆ ಬೆರಳು ತೋರಿಸುತ್ತಾರೆ.

ರಾಷ್ಟ್ರಗಳ ನಡುವೆಯೂ ಹೀಗೇ. ನೈಲ್ ನದಿಯ ನೀರನ್ನು 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ತಮ್ಮೊಳಗೆ ಹಂಚಿಕೊಂಡವು; ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯವನ್ನು ಕೇಳಲಿಲ್ಲ. ಆ ದೇಶ 2011ರಲ್ಲಿ ಮಹಾ ಅಣೆಕಟ್ಟು ಆರಂಭಿಸಿತು. ಅಲ್ಲಿಯ ಜನಸಾಮಾನ್ಯರು ಬಾಂಡ್ ಕೊಂಡು ನೆರವಾದರು. ನಮ್ಮ ಚಿಕ್ಕಪಡಸಲಗಿಯನ್ನೇ ನೆನಪಿಸುವ ಹುಮ್ಮಸ್ಸು ಅದು. 2025ರಲ್ಲಿ ಉದ್ಘಾಟನೆಯಾಯಿತು. ಆದರೆ ಬರಗಾಲದಲ್ಲಿ ಕೆಳಗೆ ಎಷ್ಟು ನೀರು ಬಿಡಬೇಕು ಎಂಬ ಒಪ್ಪಂದ ಮಾತ್ರ ಆಗ ಆಗಿರಲಿಲ್ಲ. ಈಜಿಪ್ಟಿನ ರೈತನ ಭಯ ಅದೇ.

ಈ ವ್ಯಾಜ್ಯ ಮದೀನಕ್ಕೂ ಹೊಸದಲ್ಲ. ಹರ್ರಾದ ಕಾಲುವೆಯ ನೀರಿಗಾಗಿ ಹಝ್ರತ್ ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ತಕರಾರು ಬಂದು, ಪ್ರವಾದಿ(ಸ)ರ ಮುಂದೆ ಹೋಯಿತು. ಝುಬೈರರ ತೋಟ ಮೇಲಿತ್ತು. ಅವರು ಮೊದಲು ನೀರುಣಿಸಿ, ನಂತರ ನೆರೆಯವನಿಗೆ ಬಿಡಬೇಕೆಂದು ಪ್ರವಾದಿ(ಸ) ಹೇಳಿದ್ದನ್ನು ಬುಖಾರಿ ದಾಖಲಿಸಿದ್ದಾರೆ. ಮೇಲಿನವನಿಗೆ ಮೊದಲ ಸರದಿ ಸಿಕ್ಕಿತು, ಆದರೆ ನಂತರ ನೆರೆಯವನಿಗೆ ನೀರು ಬಿಡುವ ಹೊಣೆಯೂ ಇತ್ತು.

ಚಿಕ್ಕಪಡಸಲಗಿಯ ರೈತರು ಯಾರ ದಾರಿಯನ್ನೂ ಕಾಯದೆ ದುಡಿದದ್ದು ಹೆಮ್ಮೆಯ ಇತಿಹಾಸ. ಅದನ್ನು ನಮ್ಮ ಮಕ್ಕಳಿಗೆ ಹೇಳೋಣ. ಜೊತೆಗೆ ಮುಳುಗಡೆಯಾದವರ ಪರಿಹಾರ, ಸಾಂಗಲಿಯವರ ನೆರೆ, ಕಾಲುವೆಯ ತುದಿಯ ರೈತನ ಒಣ ಹೊಲ, ಇವೂ ಅದೇ ನದಿಯ ಲೆಕ್ಕದಲ್ಲಿವೆ ಎಂಬುದನ್ನೂ ಹೇಳೋಣ. ನಮ್ಮ ಹೊಲದ ಬದುವಿನಲ್ಲಿ ಪಾಳಿ ಮುಗಿದ ಕೂಡಲೇ ಪಕ್ಕದವರಿಗೆ ನೀರು ಬಿಡುತ್ತೇವೆಯೇ? ಪರೀಕ್ಷೆ ಅಲ್ಲಿಂದಲೇ ಶುರುವಾಗುತ್ತದೆ.