ಬಲಿಪೀಠದ ಮೇಲಿನ ಸೂರು

ದೇವಾಲಯದ ಛಾವಣಿಯನ್ನು ನಾವು ತಲೆಯೆತ್ತಿ ನೋಡುವುದು ಅಪರೂಪ. ಮಳೆ ಸೋರಿದಾಗ ಮಾತ್ರ ಅದರ ನೆನಪಾಗುತ್ತದೆ. ಆದರೆ 1304ರಲ್ಲಿ ಸ್ಕಾಟ್ಲೆಂಡಿನ ಕೆಲವು ದೇವಾಲಯಗಳ ಛಾವಣಿಗೆ ಮಳೆಗಿಂತ ಕ್ರೂರವಾದ ವಿಪತ್ತು ಬಂದೊದಗಿತು. ಅವುಗಳ ಹೊದಿಕೆಯಾಗಿದ್ದ ಸೀಸವನ್ನು ಕಿತ್ತು ತರುವಂತೆ ಇಂಗ್ಲೆಂಡಿನ ಅರಸನೇ ಆಜ್ಞಾಪಿಸಿದನು. ಅವನಿಗೆ ಒಂದು ಕೋಟೆಯನ್ನು ಕೆಡಹಬೇಕಾಗಿತ್ತು.

ಮಧ್ಯಯುಗದ ಯುರೋಪಿನಲ್ಲಿ ಕಲ್ಲಿನ ಕೋಟೆಯನ್ನು ಗೆಲ್ಲುವುದು ಸುಲಭದ ಮಾತಾಗಿರಲಿಲ್ಲ. ಬಾಗಿಲನ್ನು ಒಡೆಯಲು ಭಾರಿ ದಿಮ್ಮಿಯ ಭಿತ್ತಿಭೇದಕ ಯಂತ್ರವಿತ್ತು. ಗೋಡೆಯನ್ನು ಏರಲು ಗಾಲಿಗಳ ಮೇಲೆ ಉರುಳುವ ಮರದ ಗೋಪುರವಿತ್ತು. ಗೋಡೆಯ ಬುಡದಲ್ಲಿ ಸುರಂಗ ತೋಡಿ, ಅದಕ್ಕೆ ಮರದ ಆಧಾರ ಕೊಟ್ಟು, ಬಳಿಕ ಆ ಮರಕ್ಕೆ ಬೆಂಕಿಯಿಟ್ಟು ಗೋಡೆಯನ್ನು ಕುಸಿಯುವಂತೆ ಮಾಡುವ ಉಪಾಯವೂ ಇತ್ತು. 1215ರಲ್ಲಿ ರೋಚೆಸ್ಟರ್ ಕೋಟೆಯ ಸುರಂಗದಲ್ಲಿ ಬೆಂಕಿ ಹೊತ್ತಿಸಲು ಜಾನ್ ದೊರೆಯು 40 ಕೊಬ್ಬಿದ ಹಂದಿಗಳನ್ನು ತರಿಸಿದ್ದನು.

ಇವೆಲ್ಲಕ್ಕಿಂತ ಭಯಂಕರವಾದುದು ಟ್ರೆಬುಷೆ ಎಂಬ ಕವಣೆಯಂತ್ರ. ಉದ್ದನೆಯ ತೊಲೆಯನ್ನು ಏತದಂತೆ ಅಚ್ಚಿನ ಮೇಲೆ ನಿಲ್ಲಿಸಿ, ಅದರ ಗಿಡ್ಡ ತುದಿಗೆ ಭಾರವನ್ನೂ ಉದ್ದ ತುದಿಗೆ ಕವಣೆಯನ್ನೂ ಕಟ್ಟುತ್ತಿದ್ದರು. ಭಾರವು ಕೆಳಗಿಳಿದೊಡನೆ ಉದ್ದ ತುದಿ ಚಿಮ್ಮಿ, ಕವಣೆಯಲ್ಲಿದ್ದ ಬಂಡೆಯನ್ನು ಗೋಡೆಯತ್ತ ಎಸೆಯುತ್ತಿತ್ತು. ಭಾರ ಹೆಚ್ಚಿದಷ್ಟೂ ಹೊಡೆತ ಬಲವಾಗುತ್ತಿತ್ತು. ಆದುದರಿಂದಲೇ ಸೀಸಕ್ಕೆ ಅಷ್ಟೊಂದು ಬೇಡಿಕೆ.

ಕಡಿದಾದ ಬಂಡೆಯ ಮೇಲಿರುವ ಸ್ಟರ್ಲಿಂಗ್ ಕೋಟೆಯನ್ನು ಸರ್ ವಿಲಿಯಂ ಓಲಿಫಂಟನು ಒಂದು ಸಣ್ಣ ಪಡೆಯೊಂದಿಗೆ ಕಾಯುತ್ತಿದ್ದನು. ಅದನ್ನು ಮುತ್ತಲು ಹೊರಟ ಒಂದನೇ ಎಡ್ವರ್ಡನು ಏಪ್ರಿಲ್ ತಿಂಗಳಲ್ಲಿ ತನ್ನ ಮಗನಿಗೆ ಪತ್ರ ಬರೆದು, ಪರ್ತ್ ಮತ್ತು ಡನ್‌ಬ್ಲೇನ್ ಸುತ್ತಮುತ್ತಲಿನ ದೇವಾಲಯಗಳಿಂದ ಸಿಕ್ಕಷ್ಟು ಸೀಸವನ್ನು ತೆಗೆಯುವಂತೆ ತಿಳಿಸಿದನು. ಜೊತೆಗೆ ಒಂದು ನಿಬಂಧನೆಯನ್ನೂ ವಿಧಿಸಿದನು: ಬಲಿಪೀಠದ ಮೇಲಿನ ಸೂರನ್ನು ಮಾತ್ರ ಮುಟ್ಟಕೂಡದು.

ಹತ್ತಕ್ಕೂ ಹೆಚ್ಚು ಯಂತ್ರಗಳು ವಾರಗಟ್ಟಲೆ ಕಲ್ಲೆಸೆದವು. ಅವೆಲ್ಲವನ್ನೂ ಮೀರಿಸಲೆಂದು ಬಡಗಿಗಳು ನಿರ್ಮಿಸುತ್ತಿದ್ದ ಮಹಾಯಂತ್ರಕ್ಕೆ ‘ಯುದ್ಧದ ತೋಳ’ ಎಂದು ಹೆಸರು. ಜುಲೈ ತಿಂಗಳಲ್ಲಿ ಒಳಗಿದ್ದವರು ಶರಣಾಗಲು ಮುಂದೆ ಬಂದರು. ಅರಸನು ಒಪ್ಪಲಿಲ್ಲ. ತೋಳವು ಕೋಟೆಯನ್ನು ಒಮ್ಮೆ ಬಡಿಯುವ ತನಕ ಯಾರೂ ಹೊರಬರಕೂಡದೆಂದು ಕಟ್ಟಪ್ಪಣೆ ಮಾಡಿದನು. ರಾಣಿ ಮತ್ತು ಆಕೆಯ ಸಖಿಯರು ಮುತ್ತಿಗೆಯನ್ನು ನೋಡಲೆಂದು ಪಟ್ಟಣದ ಮನೆಯೊಂದರಲ್ಲಿ ಕಿಟಕಿಯನ್ನೂ ಮಾಡಿಸಲಾಗಿತ್ತು. ಯಂತ್ರದ ಹೊಡೆತಗಳು ಬಿದ್ದ ಮೇಲೆಯೇ, ಜುಲೈ 24ರಂದು, ಶರಣಾಗತಿ ಅಂಗೀಕೃತವಾಯಿತು. ಓಲಿಫಂಟನು ಲಂಡನ್ನಿನಲ್ಲಿ ಸೆರೆಯಾದನು.

ಓದುಗರೇ, ಎಡ್ವರ್ಡನಿಗೆ ದೇವರ ಭಯವಿರಲಿಲ್ಲವೆಂದು ಹೇಳಲಾಗದು. ಬಲಿಪೀಠಕ್ಕೆ ಸೂರು ಉಳಿಯಲೆಂದು ಆತನು ಜಾಗರೂಕತೆ ವಹಿಸಿದನು. ಆದರೆ ಆ ಬಲಿಪೀಠದ ಮೇಲೆ ನಾವು ಯಾರ ಬಲಿಯನ್ನು ಸ್ಮರಿಸುತ್ತೇವೆಯೋ, ಆತನು ತನ್ನನ್ನು ಶಿಲುಬೆಗೇರಿಸಿದವರನ್ನೇ ಕ್ಷಮಿಸಿದವನು.

ನಮ್ಮ ಬಳಿ ಕವಣೆಯಂತ್ರವಿಲ್ಲ. ಆದರೆ ಮನಸ್ತಾಪವಾದ ಅಣ್ಣನಿಗೋ ನೆರೆಯವರಿಗೋ ಆಡಬೇಕೆಂದು ದಿನಗಟ್ಟಲೆ ಮಸೆದಿಟ್ಟ ಮಾತುಗಳಿವೆ. ಅವರೇ ರಾಜಿಗೆಂದು ಬಾಗಿಲಿಗೆ ಬಂದಾಗ, ಆ ಮಾತುಗಳನ್ನು ಆಡಿ ಮುಗಿಸಿದ ಮೇಲೆಯೇ ನಾವು ಒಳಗೆ ಕರೆಯುತ್ತೇವಲ್ಲವೇ? ಮುಂದಿನ ಭಾನುವಾರ ಬಲಿಪೀಠದ ಮುಂದೆ ಮೊಣಕಾಲೂರಿದಾಗ, ತಲೆಯ ಮೇಲಿನ ಸೂರನ್ನು ಒಮ್ಮೆ ನೋಡೋಣ.